ಭೇಟಿಯ ಉದ್ದೇಶ

ಸೈಬಾಯಿಯ ಜೆಟ್ಟಿಯಲ್ಲಿ ನಿಂತರೆ
ಎದುರಿಗೆ ಕಾಣುವುದು ಬೇರೆ ದೇಶ.
ಬೆಳಗಿನ ಹೊತ್ತು ಅಲ್ಲಿ ಯಾರದೋ ಒಲೆಯ ಹೊಗೆ.
ನಾಲ್ಕು ಕಿಲೋಮೀಟರು;
ಹೊಸಂಗಡಿಯಿಂದ ತಲಪಾಡಿಗೆ ಇರುವಷ್ಟೂ ಇಲ್ಲ.

ಆಸ್ಟ್ರೇಲಿಯಾದ ಈ ಕಟ್ಟಕಡೆಯ ದ್ವೀಪಕ್ಕೆ
ನಾನು ಬಂದದ್ದು ಬೆರಳಚ್ಚು ಕೊಟ್ಟು,
ಎದೆಯ ಎಕ್ಸ್‌ರೇ ಕೊಟ್ಟು,
ಇಂಗ್ಲಿಷು ಬರುತ್ತದೆಂದು ಎರಡು ಸಲ ಪರೀಕ್ಷೆ ಬರೆದು.
ಎದುರು ದಡದ ಹೆಂಗಸರು ಬರುವುದು
ಫೈಬರ್ ದೋಣಿಯಲ್ಲಿ, ಬರಿಗಾಲಲ್ಲಿ,
ಊರ ಹಿರಿಯ ಬರೆದುಕೊಟ್ಟ ಚೀಟಿ ಹಿಡಿದು.
ಪಾಸ್‌ಪೋರ್ಟಿಲ್ಲ, ವೀಸಾ ಇಲ್ಲ.
ಒಪ್ಪಂದ ಹಾಗಿದೆ:
ಮೀನು ಹಿಡಿಯಬಹುದು, ಚಾಪೆ ಕೊಟ್ಟು ಅಕ್ಕಿ ಒಯ್ಯಬಹುದು,
ನಂಟರ ಮದುವೆಗೆ, ಸಾವಿಗೆ,
ಸಮಾಧಿಯ ಕಲ್ಲಿಗೆ ಮುಚ್ಚಿದ ಬಟ್ಟೆ ತೆಗೆಯುವ ದಿನಕ್ಕೆ ಬರಬಹುದು.
ಕಾಯಿಲೆಗೆ ಬರಬಹುದೆಂದು ಬರೆದಿಲ್ಲ.

ನಕ್ಷೆ ಹಾಸಿ ಎನೋಸಾ ಒಮ್ಮೆ ತೋರಿಸಿದ್ದ:
ಇದು ಮೀನಿಗೆ ಎಳೆದ ಗೆರೆ,
ಇದು ಮೀನಿನ ಕೆಳಗಿನ ಮಣ್ಣಿಗೆ.
ಎರಡೂ ಒಂದೇ ಅಲ್ಲ.
ನಡುವೆ ಈಜುವ ಆಮೆ ಯಾರದ್ದು, ಎಂದೆ.
ಹಸಿದವನದ್ದು, ಅಂದ,
ಸಮವಸ್ತ್ರದ ಗುಂಡಿ ಹಾಕಿಕೊಳ್ಳುತ್ತ.

ಅವನು ಗಡಿ ಕಾಯುವವ. ಇದೇ ದ್ವೀಪದಲ್ಲಿ ಹುಟ್ಟಿದವ.
ಅವನ ಅಜ್ಜಿ ಆಚೆ ದಡದವಳು.
ಸೋದರತ್ತೆಯ ಮಗಳನ್ನೇ ನಿಲ್ಲಿಸಿ
ಹೆಸರೇನು ಎಂದು ಕೇಳುತ್ತಾನೆ.
ಅವಳು ಹೇಳುತ್ತಾಳೆ, ನಗದೆ.

ಸಾರ್ವಭೌಮ. ಬಾಯಿ ತುಂಬುವ ಪದ,
ಒಳಗೊಂದು ಭೂಮಿ ಇಟ್ಟುಕೊಂಡಿದೆ.
ಇಲ್ಲಿ ಭೂಮಿ ನೀರಿಗಿಂತ ಒಂದು ಮೊಳ ಎತ್ತರ,
ಜನವರಿಯ ಉಬ್ಬರಕ್ಕೆ ಅದೂ ಇಲ್ಲ.

ಆ ಮಂಗಳವಾರ ಸಾಲೋಮಿ ಬಂದಳು.
ಚೀಟಿಯಲ್ಲಿ ಇದ್ದದ್ದು: ಚಾಪೆ ಆರು, ಏಡಿ ಒಂದು ಬುಟ್ಟಿ.
ಮಗು ಚಾಪೆಯ ಮರೆಯಲ್ಲಿತ್ತು.
ಚಾಪೆ ಕೆಮ್ಮಿತು.
ಜೆಟ್ಟಿಯಲ್ಲಿ ಎಲ್ಲರಿಗೂ ಕೇಳಿಸಿತು.

ನನಗೆ ತಲಪಾಡಿಯ ಆ ಮಾರ್ಚ್.
ರಸ್ತೆಗೆ ಅಡ್ಡ ಲಾರಿ ಲಾರಿ ಕೆಂಪು ಮಣ್ಣು.
ಒಂದೇ ದೇಶ, ಒಂದೇ ಬಸ್ಸು,
ಟಿಕೆಟು ಹರಿಯುವ ಮೊದಲೇ ಕಂಡಕ್ಟರಿಗೆ
ಬೀಫಾತುಮ್ಮ ಇಳಿಯುವ ಸ್ಟಾಪು ಗೊತ್ತು.
ವಾರಕ್ಕೆರಡು ಸಲ ಮಂಗಳೂರಿನಲ್ಲಿ ಅವರ ರಕ್ತ ತೊಳೆಯುತ್ತಿದ್ದವಳು ನಾನು.
ಅಂದು ದಿಬ್ಬದ ಈಚೆ ಹಾಸಿಗೆ ಹಾಸಿ,
ಮಿಷನ್ನು ತೊಳೆದಿಟ್ಟು ಕಾದೆ.
ಆಚೆ ಆಂಬುಲೆನ್ಸು ಹಿಂದಕ್ಕೆ ತಿರುಗಿತು.
ಬಾಗಿಲಿಗೆ ಬೀಗವೇ ಇರದ ಮನೆಯಲ್ಲಿ
ಇದ್ದಕ್ಕಿದ್ದಂತೆ ಗೋಡೆ ಎದ್ದರೆ
ಬೀಗದ ಕೈ ಯಾರನ್ನು ಕೇಳುವುದು?

ಎನೋಸಾ ಪೆನ್ನು ಬಿಚ್ಚಿದ.
ಭೇಟಿಯ ಉದ್ದೇಶ?
ಸಾಲೋಮಿ ಏಡಿಬುಟ್ಟಿ ನೋಡಿದಳು.
ಅವನು ನೀರು ನೋಡಿದ,
ಆಮೇಲೆ ಕ್ಲಿನಿಕ್ಕಿನ ಮೆಟ್ಟಿಲಲ್ಲಿ ನಿಂತಿದ್ದ ನನ್ನನ್ನು,
ಬರೆದ: ನಂಟರ ಭೇಟಿ.
ಸಂಬಂಧ? ತನ್ನನ್ನೇ ಕೇಳಿಕೊಂಡು
ತಾನೇ ಬರೆದ: ಮಗುವಿನ ಚಿಕ್ಕಮ್ಮ.

ಮಂಜೇಶ್ವರದಲ್ಲಿ ಹುಟ್ಟಿದ ನಾನು
ಹೀಗೆ ಒಂದು ಗೆರೆಯಲ್ಲಿ
ಟೊರೆಸ್ ಜಲಸಂಧಿಯ ಪರಂಪರೆಗೆ ಸೇರಿದೆ.

ಮಗುವಿನ ಬೆನ್ನಿಗೆ ಸ್ಟೆತ್ ಇಟ್ಟರೆ
ಒದ್ದೆ ಮರಳಿನ ಮೇಲೆ ಯಾರೋ ನಡೆದ ಸದ್ದು.
ಕಫದ ಸೀಸೆ ಕೇರ್ನ್ಸಿಗೆ ಹಾರಿತು.
ಮಗು ಹಾರುವಂತಿಲ್ಲ; ಒಪ್ಪಂದದ ವಲಯ
ಅಷ್ಟು ದೂರ ಹೋಗುವುದಿಲ್ಲ.
ಸಂಜೆಯ ನೀರಿಗೆ ದೋಣಿ ವಾಪಸು ಹೊರಟಿತು,
ಹದಿನಾಲ್ಕು ದಿನದ ಮಾತ್ರೆ,
ಇಂಥ ದಿನ ಮತ್ತೆ ಬಾ ಎಂಬ ನನ್ನ ಕೈಬರಹ.
(ಆ ದಿನ ಗಾಳಿ ಇರಬಾರದು. ಪೆಟ್ರೋಲು ಇರಬೇಕು.
ಎನೋಸಾನ ಪಾಳಿಯೇ ಇರಬೇಕು.)

ಸಾಲೋಮಿ ದೊಡ್ಡ ಏಡಿಯೊಂದನ್ನು ತೆಗೆದಿಟ್ಟಳು,
ಬಳ್ಳಿಯಲ್ಲಿ ಕೈಕಾಲು ಕಟ್ಟಿದ್ದು.
ನಂಟರ ಮನೆಗೆ ಬರಿಗೈಲಿ ಬರುತ್ತಾರೆಯೇ?
ಆಮೇಲೆ, ದೋಣಿಗೆ ಕಾಲಿಡುತ್ತ, ಸುಮ್ಮನೆ ಕೇಳಿದಳು:
ನಿನಗೆ ಚೀಟಿ ಬರೆದುಕೊಟ್ಟವರು ಯಾರು?

ನನ್ನ ವೀಸಾ ಜೂನಿಗೆ ಮುಗಿಯುತ್ತದೆ.
ಹೆಸರು ಹುಡುಕಿದೆ.
ಒಂದು ಇಲಾಖೆ ನೆನಪಾಯಿತು, ಹನ್ನೆರಡು ಅಂಕಿಯ ಸಂಖ್ಯೆ,
ಮುಖ ಯಾವುದೂ ಬರಲಿಲ್ಲ.

ರಾತ್ರಿ ಬಳ್ಳಿ ಸಡಿಲಿಸಿಕೊಂಡು ಏಡಿ
ಅಡುಗೆಮನೆಯ ಹೊಸ್ತಿಲವರೆಗೆ ಬಂದಿತ್ತು,
ಅಡ್ಡಡ್ಡ.