ಸೀರಣಿಗೆ

ಹತ್ತು ತಿಂಗಳಿಗೆಂದು ಬರುತ್ತಾರೆ, ಹೊಸ ಬೂಟು, ಹೊಸ ಬೈಬಲು,
ನೀಸ್ತ್ರು ನದಿಯ ಆಚೆ ದಡದಿಂದ ಕೆಲವರು, ಕೆಲವರು ಒಡೆಸಾದಿಂದ.
ತರಗತಿಯ ಗೋಡೆಗೆ ಭೂಪಟ,
ಅದರ ಮೈತುಂಬ ಗುಂಡುಸೂಜಿ:
ತಜಿಕಿಸ್ತಾನ, ಯಾಕೂತಿಯಾ, ನನ್ನ ನಾಲಿಗೆಗೆ ಹೊರಳದ ಊರುಗಳು.

ಬೆಳಿಗ್ಗೆ ಅವರಿಗೆ ಬಾಯಿಪಾಠ.
ಗುರುತಿಲ್ಲದವರ ಜೊತೆ ಮಾತು ತೆಗೆಯುವುದು ಹೇಗೆ,
ಬಾಗಿಲು ಮುಚ್ಚುವ ಮುನ್ನ ಏನು ಹೇಳಬೇಕು,
ತಮ್ಮ ಸಾಕ್ಷಿಯನ್ನು ಮೂರೇ ನಿಮಿಷದಲ್ಲಿ ಮುಗಿಸುವುದು.
ನಿರ್ದೇಶಕರ ಕೈಯಲ್ಲಿ ಓಟದ ಪಂದ್ಯದ ಗಡಿಯಾರ.
ಮಧ್ಯಾಹ್ನ ನನ್ನ ಬಳಿಗೆ.

ನಾನು ಎವ್ದೋಕಿಯಾ. ಬಟ್ಟೆ ಒಗೆಯುವವಳು,
ಪ್ರಾರ್ಥನೆಯಲ್ಲಿ ತೂಕಡಿಸುವವಳು.
ಅಂಗಳದಾಚೆ ಮಕ್ಕಳ ಮನೆ, ಅಲ್ಲಿ ಹನ್ನೊಂದು ಹಾಸಿಗೆ.
ಅನಾಥರು ಅಂತ ದಾನಿಗಳ ಕಾಗದದಲ್ಲಿ ಬರೆಯುತ್ತಾರೆ.
ಏಳು ಮಕ್ಕಳಿಗೆ ತಾಯಿ ಇದ್ದಾಳೆ,
ಇಟಲಿಯಲ್ಲಿ, ಯಾರದೋ ಮುದುಕಿಯ ಬೆನ್ನುಜ್ಜುತ್ತ.
ಈ ನಮ್ಮ ಮೊಲ್ದೋವಾದಲ್ಲಿ
ಹಳ್ಳಿಗೊಂದು ಬೀಗ ಹಾಕಿದ ಬೀದಿ.

ಆ ವರ್ಷ ಬಂದವರಲ್ಲಿ ತ್ರೊಫಿಮ್ ಮಾತುಗಾರ.
ಬಾಯಿ ತೆರೆದರೆ ಅಡುಗೆಮನೆಯ ತಟ್ಟೆಗಳೂ ಸುಮ್ಮನಾಗುತ್ತಿದ್ದವು.
ಮೊದಲ ದಿನವೇ ಸಾಂದಾಳ ಮುಂದೆ ಮಂಡಿಯೂರಿ ಕೇಳಿದ:
"ನಿನ್ನನ್ನು ಎಲ್ಲರಿಗಿಂತ ಹೆಚ್ಚು ಪ್ರೀತಿಸುವವರು ಯಾರು, ಗೊತ್ತಾ?"
ಗೊತ್ತು, ಅಂದಳು. ಅಮ್ಮ. ಶನಿವಾರ ಆರು ಗಂಟೆಗೆ.

ಮುಂದಿನ ಸಾಲನ್ನು ಅವನಿಗೆ ಯಾರೂ ಕಲಿಸಿರಲಿಲ್ಲ.
ಮೂರು ನಿಮಿಷ ದಾಟಿತು.
ಅವಳ ಕೈ ತಲೆಗೆ ಹೋಯಿತು, ಪರಪರ ಕೆರೆದುಕೊಂಡಳು.
ನಾನು ಅವನ ಕೈಗೆ ಸೀರಣಿಗೆ ಕೊಟ್ಟೆ.

ಹೇನು ತೆಗೆಯುವುದಕ್ಕೆ ಅವಸರ ಆಗದು.
ಕಿವಿಯ ಹಿಂದೆ, ಕತ್ತಿನ ಕುಳಿಯಲ್ಲಿ, ಎಳೆ ಎಳೆ ಬಿಡಿಸಿ
ಸೀರನ್ನು ಉಗುರಿಂದ ಜಾರಿಸಬೇಕು.
ಮಗು ಮಾತಾಡುವುದು ಆಗಲೇ, ಮುಖ ಆಚೆಗಿರುತ್ತದಲ್ಲ.
ಅವನು ಕೇಳಿಸಿಕೊಂಡ. ಅದು ಅವನಿಗೆ ಹೊಸತು.

ಜನವರಿಯಲ್ಲಿ ಒಗೆದ ಹಾಸುಗಳು ಹಗ್ಗದ ಮೇಲೆಯೇ ಸೆಟೆದು
ಬಾಗಿಲ ಹಲಗೆಯಾಗುತ್ತವೆ. ಹೊತ್ತು ತಂದು ಒಲೆಯ ಬಳಿ ಒರಗಿಸಿದರೆ
ಕುಡಿದವರ ಹಾಗೆ ಮೆಲ್ಲಗೆ ಕುಸಿಯುತ್ತವೆ.
ಮಕ್ಕಳಿಗೆ ಅದೊಂದು ನಾಟಕ.
ಮಿಹೈ ಮಾತ್ರ ನಗುತ್ತಿರಲಿಲ್ಲ. ಆ ಹಾಸುಗಳಲ್ಲಿ ಅವನವೇ ಹೆಚ್ಚು.
ಒಂಬತ್ತು ವರ್ಷ. ದಿನಾ ರಾತ್ರಿ ಒದ್ದೆ.

ತ್ರೊಫಿಮನಿಗೆ ಹೇಳಿಕೊಟ್ಟೆ:
ದೀಪ ಹಚ್ಚಬೇಡ. ಗಟ್ಟಿಯಾಗಿ ಪ್ರಾರ್ಥಿಸಬೇಡ.
ಎತ್ತು, ಒಣಗಿದ್ದು ಹಾಸು, ಮಲಗಿಸು,
ಬೆಳಗಾಗುವುದರೊಳಗೆ ಬಕೆಟ್ಟು ದಾಟಿಸು.
ನಿನಗೆ ಗೊತ್ತೆಂದು ಅವನಿಗೆ ಗೊತ್ತಾಗಬಾರದು, ಅಷ್ಟೇ ಕೆಲಸ.

"ಇದು ಸುವಾರ್ತೆಯೇ, ದೊಡ್ಡಮ್ಮಾ?" ಎಂದು ಪಿಸುಗುಟ್ಟಿದ ಒಂದು ರಾತ್ರಿ.
ನನಗೇನು ಗೊತ್ತು.
ಉಚ್ಚೆ, ಅಂದೆ. ಆ ಮೂಲೆ ಹಿಡಿ.

ಮೇ ತಿಂಗಳು, ಅಕ್ರೋಟ ಮರ ಚಿಗುರಿತ್ತು.
ಅವನ ಹೆಸರಿನ ಸೂಜಿ ತಜಿಕಿಸ್ತಾನದ ಬೆಟ್ಟಕ್ಕೆ ಚುಚ್ಚಿಕೊಂಡಿತು.
ಎಲ್ಲರೂ ಗೇಟಿನ ತನಕ ಹೋದರು;
ಮಿಹೈ ಕೋಳಿಗೂಡಿನ ಹಿಂದೆ ಅಡಗಿದ್ದ.
ಮಾರ್ಚಿಯಿಂದ ಒಣಗಿದ್ದ ಹಾಸಿಗೆ
ಆ ರಾತ್ರಿ ಒದ್ದೆ, ಮರುರಾತ್ರಿಯೂ.
ಇದನ್ನು ಯಾವ ವರದಿಯಲ್ಲೂ ಬರೆಯುವುದಿಲ್ಲ:
ಕಲಿತು ಹೋಗುವವರು
ಮಕ್ಕಳ ಮೇಲೆ ಕಲಿತು ಹೋಗುತ್ತಾರೆ.

ದ್ರಾಕ್ಷಿ ಕೊಯ್ಲಿನ ಹೊತ್ತಿಗೆ ಕಾಗದ ಬಂತು.
ನಿರ್ದೇಶಕರು ಸಭೆಯಲ್ಲಿ ಓದಿದರು:
ಬೆಟ್ಟ, ಹಿಮ, ಎರಡು ಕುಟುಂಬ, ದೇವರಿಗೆ ಸ್ತೋತ್ರ.
ಕೊನೆಯ ಸಾಲು ಬಿಟ್ಟರು.
ಹಲಗೆಗೆ ಅಂಟಿಸಿದ ಮೇಲೆ ಕನ್ನಡಕ ಹಾಕಿಕೊಂಡು ನಾನೇ ಓದಿದೆ.
"ಎವ್ದೋಕಿಯಾ ದೊಡ್ಡಮ್ಮನನ್ನು ಕೇಳಿ,
ಸೂರ್ಯಕಾಂತಿ ಎಣ್ಣೆ ಎಷ್ಟು, ವಿನಿಗರ್ ಎಷ್ಟು.
ಇಲ್ಲಿ ತಲೆಗಳು ಬಹಳ.
ಮಿಹೈ ಹೇಗಿದ್ದಾನೆ?"

ಮೊದಲನೆಯದಕ್ಕೆ ಬರೆದೆ: ಎರಡಕ್ಕೆ ಒಂದು.
ಎರಡನೆಯದಕ್ಕೆ ಇನ್ನೂ ಪೆನ್ನು ಹಿಡಿದು ಕೂತಿದ್ದೇನೆ.
ಇವತ್ತು ಶನಿವಾರ. ಆರೂಕಾಲು.
ಸಾಂದಾ ಫೋನನ್ನು ಅಂಗಿಯೊಳಗೆ ಅವುಚಿಕೊಂಡಿದ್ದಾಳೆ,
ಮೊಟ್ಟೆಗೆ ಕಾವು ಕೊಡುವ ಹಾಗೆ.