ಇಪ್ಪತ್ತೆರಡನೆಯ ವಾರ

ದಿಂಬಿನ ಚೀಲದಲ್ಲಿ ಸುತ್ತಿದ್ದನ್ನು
ಕೌಂಟರಿನ ಮೇಲೆ ಮಲಗಿಸಿದಳು ನವಾಲ್.
ಹಿಂದೆಯೇ ಕೋಲೂರಿಕೊಂಡು ಅವಳಪ್ಪ ಬೂ ರಾಶಿದ್,
ಬಂದವನೇ ನನ್ನ ಸ್ಟೂಲಿನಲ್ಲಿ ಕೂತ:
"ಅರವತ್ತೆರಡು. ಬರೆದುಕೊಡು. ಅಷ್ಟೇ ಕೆಲಸ."

ಗುದೈಬಿಯಾದ ಈ ಗಲ್ಲಿಯಲ್ಲಿ ನಾನು
ಮಿಕ್ಸಿ, ಕೀಬೋರ್ಡು, ಮಸೀದಿಯ ಆಂಪ್ಲಿಫೈಯರು
ರಿಪೇರಿ ಮಾಡುವವನು.
ಆದರೂ ಬರುತ್ತಾರೆ, ಕಣಿ ಕೇಳಲು ಬಂದ ಹಾಗೆ.

ತಲೆಯ ಮೇಲಿನ ಹೆಸರು ಎಂದೋ ಉಜ್ಜಿಹೋಗಿದೆ.
ಹೋಗಲಿ, ಹೆಸರನ್ನು ಯಾರು ಬೇಕಾದರೂ ಅಂಟಿಸಬಹುದು.
ಎರಡು ಕೊಂಬಿನ ಮೈ, ಮೂರು ಪಿಕಪ್ಪು,
ಹಸಿರಿಗೆ ತಿರುಗಿದ ಬಿಳಿ ಫಲಕ, ಅದಕ್ಕೆ ಹನ್ನೊಂದು ಸ್ಕ್ರೂ.
ಎಂಟಿದ್ದರೆ ಕಥೆಯೇ ಬೇರೆ.
ಬೆರಳಾಡುವ ಪಟ್ಟಿ ಬೀಟೆಯದು. ದಪ್ಪ ಹಲಗೆಯಲ್ಲ,
ಬಾಗಿಸಿ ಹೊದಿಸಿದ ತೆಳು ಪದರ.
ಅಲ್ಲಿಗೆ ಅರವತ್ತೆರಡರ ಮೊದಲರ್ಧ ಬಿದ್ದೇಹೋಯಿತು.
ನಾನು ಬಾಯಿ ಬಿಡಲಿಲ್ಲ.

"ಇವಳ ತಾಯಿ ನನ್ನನ್ನು ಮೊದಲು ನೋಡಿದಾಗ
ಇದು ನನ್ನ ಹೆಗಲಲ್ಲಿತ್ತು" ಅಂದ ಮುದುಕ.
"ಅವಾಲಿಯ ಎಣ್ಣೆ ಕಂಪನಿ ಕ್ಲಬ್ಬು. ಇಂಗ್ಲಿಷರ ಕುಣಿತ.
ಡ್ರಮ್ಮಿನವ ಗೋವೆಯವ. ಅರವತ್ತೆರಡು. ಚಳಿಗಾಲ."

ತಂತಿ ಸಡಿಲಿಸಿ ಕುತ್ತಿಗೆಯ ನಾಲ್ಕು ಬೋಲ್ಟು ಬಿಚ್ಚಿದೆ.
ಬುಡದಲ್ಲಿ ರೇಷನ್ ಕಾರ್ಡಿನ ಠಸ್ಸೆಯಂಥ ಮಸಿ:
ಮಾರ್ಚ್, ಅರವತ್ತನಾಲ್ಕು.
ಗುಳಿಯಲ್ಲೇನೋ ಮಡಚಿದ ಕಾಗದ,
ಆಮೇಲೆ ನೋಡೋಣವೆಂದು ಬದಿಗಿಟ್ಟೆ.

ಫಲಕ ಎತ್ತಿದರೆ ಬೆನ್ನು ತೋರಿಸಿ ಕೂತ ಮೂರು ಕಂಟ್ರೋಲು.
ಟೋನಿನವೆರಡೂ ಅರವತ್ತನಾಲ್ಕು,
ಬೆಸುಗೆ ಬೂದಿ ಬಡಿದ ಹಾಗೆ ಮಂಕು.
ವಾಲ್ಯೂಮಿನದು ಮಾತ್ರ ಮಿಂಚುತ್ತಿದೆ, ಬೇರೆ ಕೈಯ ಬೆಸುಗೆ.
೧೩೭ ೬೬ ೨೨.
ಮೊದಲ ಮೂರು ತಯಾರಿಸಿದವನ ಗುರುತು,
ಮುಂದಿನೆರಡು ವರ್ಷ, ಕೊನೆಯೆರಡು ವಾರ.
ಕ್ಯಾಲೆಂಡರಿಗೆ ಹಚ್ಚಿದೆ. ಮೇ ಕೊನೆ, ಜೂನ್ ಒಂದು.

ಜೂನ್ ಒಂದು, ಅರವತ್ತಾರು
ನನ್ನ ಪಾಸ್‌ಪೋರ್ಟಿನ ತಾರೀಕು.
ಉದ್ಯಾವರದ ಶಾಲೆಯಲ್ಲಿ ಹೆಡ್‌ಮಾಸ್ತರು
ಸಾಲಾಗಿ ನಿಂತ ಒಂಬತ್ತು ಹುಡುಗರನ್ನು
ಒಂದೇ ದಿನ ಹುಟ್ಟಿಸಿದ್ದರು, ಒಂದೇ ಪೆನ್ನಿನಲ್ಲಿ.
ಅಮ್ಮನ ಲೆಕ್ಕ ಬೇರೆ:
ರಂಪಣಿ ಬಲೆಗೆ ತಿಮಿಂಗಿಲದ ಮರಿ ಬಿದ್ದ ವರ್ಷ,
ದೀಪಾವಳಿಗೆ ಎಂಟು ದಿನ ಇರುವಾಗ.
ಅದು ಯಾವ ವರ್ಷವೆಂದು ಯಾರೂ ಬರೆದಿಡಲಿಲ್ಲ.
ಈ ಜೂನಿಗೆ ನನಗೆ ಅರವತ್ತಂತೆ,
ಪರ್ಮಿಟ್ಟಿನ ಮಾತನ್ನು ಸ್ಪಾನ್ಸರ್ ಎತ್ತಿಲ್ಲ.
ಆಮೇಲೆ ಕೂರಿಸಿದ ಬಿಡಿಭಾಗದ ತಾರೀಕನ್ನೇ ಓದಿ
ಇಷ್ಟು ದಿನ ಗೇಟು ತೆಗೆದಿದ್ದಾರೆ.

"ಅರವತ್ತನಾಲ್ಕು" ಅಂದೆ.
ಏಸಿಯ ನೀರು ಬಕೆಟ್ಟಿಗೆ ತೊಟ್ಟಿಕ್ಕಿತು.
ನವಾಲ್ ನಗು ತಡೆಯಲಾರದೆ,
"ಹಾಗಾದರೆ ಅಮ್ಮ ನೋಡಿದ್ದು ಯಾರನ್ನ?"
"ಗಿಟಾರು ಸುಳ್ಳು ಹೇಳುತ್ತಿದೆ" ಅಂದ ಬೂ ರಾಶಿದ್.

ವಾಲ್ಯೂಮು ಬದಲಿಸಿದವ ಯಾರೆಂದು ಕೇಳಿದೆ.
ಹುಬ್ಬು ಗಂಟಿಕ್ಕಿ ಬಹಳ ಹೊತ್ತು ಹುಡುಕಿದ.
"ಬಾಬ್ ಅಲ್ ಬಹ್ರೈನ್ ಹಿಂದೆ ಒಬ್ಬ ಹಿಂದಿ ಇದ್ದ.
ಮಾತಿಲ್ಲ ಕಥೆಯಿಲ್ಲ. ಬೆರಳೆಲ್ಲ ಹೊಗೆ ವಾಸನೆ.
ಹೆಸರು... ರೇಡಿಯೋ ಅಂತಲೇ ಕರೆಯುತ್ತಿದ್ದೆವು."

ಆಗ ಬಿಡಿಸಿದೆ ಆ ಕಾಗದವನ್ನು.
ಕುತ್ತಿಗೆ ಒಂದಿಷ್ಟು ಹಿಂದೆ ಬಾಗಲೆಂದು
ನಾಲ್ಕು ಮಡಿಕೆ ಮಾಡಿ ಇಟ್ಟದ್ದು:
ಗುಲಾಬಿ ಲೇಬಲ್ಲು, ಕನ್ನಡದ ಅಕ್ಷರ,
ಹರಿದ ಅಂಚಿನಲ್ಲಿ "...ಗಳೂರು",
ಕೆಳಗೆ "೨೫ ಬೀಡಿ".

ಏನು ಬರೆದಿದೆ, ಅಂದಳು ನವಾಲ್.
ಏನಿಲ್ಲ, ಅಂಗಡಿಯ ಹೆಸರು, ಅಂದುಬಿಟ್ಟೆ.
ಯಾಕೆ ಹಾಗಂದೆನೋ.

ರಸೀದಿಯಲ್ಲಿ ೬೪ ಬರೆದೆ.
ಪೆನ್ನು ಕಸಿದುಕೊಂಡು ಅವನು ಕೆಳಗೆ
ಅರಬ್ಬಿ ಅಂಕಿಯಲ್ಲಿ ೬೨ ಬರೆದ.
ಇಬ್ಬರೂ ಸಹಿ ಹಾಕಿದೆವು.

ಕಾಗದವನ್ನು ಅದೇ ಮಡಿಕೆಯಲ್ಲಿ ಮಡಚಿ
ಅದೇ ಗುಳಿಯಲ್ಲಿಟ್ಟು
ಬೋಲ್ಟು ತಿರುಗಿಸುತ್ತ ತಿರುಗಿಸುತ್ತ ಅನ್ನಿಸಿತು:
ಕಟ್ಟು ಬಿಚ್ಚಿದ ಮೇಲೆ ಇಪ್ಪತ್ತೈದನ್ನೂ
ಈ ಊರಿನ ಯಾವ ಮೆಟ್ಟಿಲಲ್ಲಿ ಕೂತು
ಸೇದಿದನೋ ಅವನು,
ದಿನಕ್ಕೆ ಎಷ್ಟರಂತೆ.