ಕೆಳಗಿನ ಪೈಪು

“ನೀವು ನಾಲ್ಕನೆಯವರು” ಅಂದಳು ಹ್ರಾನುಷ್
ಇಳಿಯುವ ಮೊದಲೇ, ಕಿಟಕಿಯಿಂದ.
ಜುಲೈ ತಿಂಗಳು. ಅವಳ ಝಿಗುಲಿಯೊಳಗೆ
ಹೀಟರು ಪೂರಾ ತೆರೆದಿತ್ತು.
ಹಿಂದಿನ ಸೀಟಿನ ಏಪ್ರಿಕಾಟು
ಮಾಳಿಗೆಗೇರದೆ ಅಲ್ಲೇ ಒಣಗುವಂತಿತ್ತು.

ಯಾಕೆಂದು ಕೇಳಲಿಲ್ಲ ನಾನು.
ಅರ್ಮೇನಿಯಾದ ರಸ್ತೆಗಳು ಇಳಿಯುವುದು ಕಡಿಮೆ.
ಸೆಲಿಂ ಕಣಿವೆ ಹತ್ತುವವರಿಗೆಲ್ಲ ಗೊತ್ತು:
ಎಂಜಿನ್ನಿನ ಕಾವಿನಲ್ಲೊಂದು ಪಾಲನ್ನು
ನಮ್ಮ ಮೊಣಕಾಲಿಗೆ ಹೊಯ್ದುಕೊಂಡರೆ
ಮುಳ್ಳು ಕೆಂಪು ಮುಟ್ಟುವುದು ಎರಡು ತಿರುವು ತಡವಾಗಿ.

ವಾಯ್ಕಿನವನು ಥರ್ಮೋಸ್ಟಾಟ್ ಬದಲಿಸಿದ.
ಮಾರ್ತುನಿಯವನು ರೇಡಿಯೇಟರ್.
ಅವಳ ಮೈದುನನ ಗೆಳೆಯ ವಾಟರ್ ಪಂಪು,
ಜೊತೆಗೆ ಪುಕ್ಕಟೆ ಒಂದು ಮಾತು: ಮಾರಿಬಿಡಿ.
“ಊರೊಳಗೆ ಹಸುವಿನ ಹಾಗಿರುತ್ತದೆ.
ನಿಮ್ಮಂಥವರ ಮುಂದೆ ನಿಲ್ಲಿಸಿದರಂತೂ ಕರು.
ಏರಿನಲ್ಲಿ, ಒಂಬತ್ತನೆಯ ತಿರುವಿನಲ್ಲಿ, ಕುದಿ.”

ಮುಚ್ಚಳ ತೆಗೆಯಲು ಅರ್ಧ ಗಂಟೆ ಕಾಯಿಸಿದೆ.
ಹತ್ತೊಂಬತ್ತರ ವಯಸ್ಸಿನಲ್ಲಿ ಕಾಯದೆ ತೆಗೆದದ್ದರ ಗುರುತು
ಈ ಮಣಿಕಟ್ಟಿನಿಂದ ಮೊಣಕೈವರೆಗೆ ಇದೆ,
ಕೂದಲು ಹುಟ್ಟದ ನುಣುಪು.
ಅವಳದನ್ನು ನೋಡಿದಳು, ಏನೂ ಅನ್ನಲಿಲ್ಲ,
ಒಂದು ಏಪ್ರಿಕಾಟು ಬಿಡಿಸಿ ಅರ್ಧ ಕೊಟ್ಟಳು.

ಆಮೇಲೆ ಒಂದೊಂದೇ.
ಆಯಿಲ್ ಕಡ್ಡಿ ಎಳೆದೆ: ಕಪ್ಪು, ಹಾಲುಗಾಫಿಯಲ್ಲ.
ಸೈಲೆನ್ಸರಿಗೆ ಮೂಗೊಡ್ಡಿದೆ: ಸಿಹಿ ವಾಸನೆ ಇಲ್ಲ.
ಹೆಡ್ ಗ್ಯಾಸ್ಕೆಟ್ ಬದುಕಿದೆ,
ಅವಳ ಅರ್ಧ ಬೆಳೆಯ ದುಡ್ಡೂ ಬದುಕಿತು.
ರೇಡಿಯೇಟರಿನ ಬಾಯಲ್ಲಿ ಗುಳ್ಳೆ ಏಳಲಿಲ್ಲ.
ಮೇಲಿನ ಪೈಪು ಸುಡುತ್ತಿತ್ತು, ಕೆಳಗಿನದು ಬರೀ ಬೆಚ್ಚಗೆ;
ಹಾಗೇ ಇರಬೇಕು.
ಬೆಲ್ಟನ್ನು ಹೆಬ್ಬೆರಳಿಂದ ಒತ್ತಿದೆ, ಬೇಕಾದಷ್ಟೇ ಬಗ್ಗಿತು.
‘ಎಲ್ಲ ಸರಿ ಇದೆ’ ಅನ್ನುವ ಮಾತಿಗೆ ಹೆದರುವಷ್ಟು
ನಾನು ಬೇರೆ ಯಾವುದಕ್ಕೂ ಹೆದರುವುದಿಲ್ಲ.
ಐದನೆಯವನ ವಿಳಾಸ ಬಾಯಿಯ ತನಕ ಬಂದಿತ್ತು.

ಆಗ ಕೇಳಿದೆ: “ಒಂಬತ್ತನೆಯ ತಿರುವಿನಲ್ಲಿ ಯಾವ ಗೇರು?”
“ಎರಡು. ಕಾಲು ಪೂರಾ ಕೆಳಗೆ. ಎಂಜಿನ್ ಅರಚುತ್ತಿರುತ್ತದೆ.”
“ಇಲ್ಲಿ ಕೂತು ಹಾಗೇ ಅರಚಿಸಿ.”

ಮೊದಲಿನ ಮೂವರೂ ಬಾನೆಟ್ ಎತ್ತಿ
ತಾವೇ ನೋಡಿದ್ದರು, ತಾವೇ ಕೇಳಿದ್ದರು;
ಒಳಗೆ ಕೂತು ತುಳಿಯಲು ಯಾರನ್ನೂ ಕರೆದಿರಲಿಲ್ಲ.
ಹ್ರಾನುಷ್ ತುಳಿದಳು. ಗೋಡೆಯ ಸ್ಪಾನರುಗಳು ಗಲಗಲಿಸಿದವು.
ನಾನು ಟಾರ್ಚು ಹಿಡಿದು ಬಗ್ಗಿದ್ದೆ.
ಕಂಡಿತು:
ಕೆಳಗಿನ ಪೈಪು,
ಅಷ್ಟು ಹೊತ್ತೂ ದುಂಡಗೆ ಕಪ್ಪಗೆ ತೂಗುತ್ತಿದ್ದದ್ದು,
ಪಂಪು ಎಳೆದ ಎಳೆತಕ್ಕೆ
ಚುಟ್ಟಾ ಸೇದುವ ಮುದುಕನ ಕೆನ್ನೆಯಂತೆ
ಒಳಗೆ ಒಳಗೆ ಹೋಗಿ
ಅಂಟಿಕೊಂಡೇಬಿಟ್ಟಿತು.
“ಬಿಡಿ!” ಅಂದೆ. ಬಿಟ್ಟಳು.
ಪೈಪು ಮತ್ತೆ ದುಂಡಗಾಯಿತು, ಏನೂ ಅರಿಯದವರ ಹಾಗೆ.
“ಮತ್ತೆ ತುಳಿಯಿರಿ.” ಮತ್ತೆ ಕೆನ್ನೆ.
ನಗು ಬಂತು. ಅವಳನ್ನು ಇಳಿಸಿ ತೋರಿಸಿದೆ,
ಈಗ ತುಳಿದವನು ನಾನು.
ಹೊರಗಿಂದ ಆಕೆ ಬೈದ ಬೈಗುಳಗಳನ್ನು
ನಮ್ಮಜ್ಜಿ ಸತ್ತ ಮೇಲೆ ನಾನು ಕೇಳಿರಲಿಲ್ಲ.

ಬಿಚ್ಚಿ ಬೋರಲು ಹಾಕಿದೆ. ಅಂಗೈಗೆ ಬಿದ್ದದ್ದು
ಒಂದು ಹಿಡಿ ತುಕ್ಕು.
ಒಳಗೊಂದು ತಂತಿಯ ಸುರುಳಿ ಇತ್ತು ಯಾವ ಕಾಲದಲ್ಲೋ,
ರಬ್ಬರಿನ ಗೋಡೆಗಳನ್ನು ದೂರ ಹಿಡಿದು ನಿಂತದ್ದು.

ಹೊಸ ಪೈಪು ಸಿಗಲಿಲ್ಲ. ಸ್ಟೀಲು ತಂತಿಯನ್ನು
ಸಲಿಕೆಯ ಹಿಡಿಗೆ ಬಿಗಿದು ಬಿಗಿದು ಸುತ್ತಿ
ಸೋಪು ಹಚ್ಚಿ ಒಳಗೆ ತಿರುಗಿಸಿ ತಳ್ಳಿದೆ.
ದುಡ್ಡು ಕಡಿಮೆ ಕೇಳಿದ್ದಕ್ಕೆ ಅವಳಿಗೆ ಅನುಮಾನ ಬಂತು.

ಸಂಜೆ ಫೋನು. ಕಣಿವೆಯ ನೆತ್ತಿಯಿಂದ,
ವರ್ತಕರ ಹಳೆಯ ಕಲ್ಲುಛತ್ರದ ಪಕ್ಕದಿಂದ.
ಗಾಳಿಯ ಸದ್ದೇ ಹೆಚ್ಚು.
“ತೊಂಬತ್ತು” ಅಂದಳು. ಮುಳ್ಳಿನ ಮಾತು.
ಸ್ವಲ್ಪ ತಡೆದು:
“ಚಳಿಯಾಗುತ್ತಿದೆ ಇಲ್ಲಿ.
ಹೀಟರ್ ಹಾಕಲೋ ಬೇಡವೋ, ಗೊತ್ತಾಗುತ್ತಿಲ್ಲ.”